ಮದ್ದು ಬಿಟ್ಟಾಯ್ತಾ?

ಜುಲೈ 26 ಹತ್ತಿರ ಬಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಕಾರ್ಗಿಲ್‌ನಿಂದ ನಿಮ್ಮ ಸ್ನೇಹಿತ ಬರೆದ ಕಾಗದ ಉಂಟಂತಲ್ಲ? ಯುದ್ಧದ ಬಗ್ಗೆ ಏನಾದರೂ ಇದೆಯಾ, ಇಲ್ಲ ಬರೀ ಊರಿನ ವಿಚಾರವಾ?’

ಯುದ್ಧದ ಬಗ್ಗೆ ಒಂದು ಸಾಲೂ ಇಲ್ಲ. ಎಲ್ಲಿದ್ದೇವೆ, ಎಷ್ಟು ಜನ ಇದ್ದೇವೆ ಅಂತ ಸೈನಿಕರು ಬರೆಯುವ ಹಾಗೇ ಇರಲಿಲ್ಲ. ವಿಳಾಸದಲ್ಲೂ ಊರಿನ ಹೆಸರಿಲ್ಲ, ಸೇನೆಯ ಅಂಚೆ ಕಚೇರಿಯ 56 ಎ.ಪಿ.ಒ. ಅಷ್ಟೇ. ಯುದ್ಧ ನಡೆದ ಟೋಲೋಲಿಂಗ್, ಟೈಗರ್ ಹಿಲ್ ಬೆಟ್ಟಗಳ ಸುದ್ದಿ ಎಲ್ಲ ನಾವು ನಮ್ಮೂರು ಪೆರ್ಲದಲ್ಲಿ ಪೇಪರ್ ಓದಿ ತಿಳಿದದ್ದು.

ಆದರೆ ಆ ‘ಬರೀ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ನೀಲಿ ಇನ್‌ಲ್ಯಾಂಡಿನಲ್ಲಿ ಅವನು ಮೊದಲು ಕೇಳಿದ್ದು, ‘ಸುರಂಗದಲ್ಲಿ ನೀರು ಉಂಟಾ? ಮದ್ದು ಬಿಟ್ಟಾಯ್ತಾ?’ ಅಡಿಕೆ ತೋಟ ಇಲ್ಲದವರಿಗೆ ಹೇಳುತ್ತೇನೆ. ಸುರಂಗ ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು. ಮದ್ದು ಅಂದರೆ ಅಡಿಕೆ ಗೊನೆಗೆ ಸಿಂಪಡಿಸುವ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ತಪ್ಪಿತೋ, ಮಹಾಳಿ ಅನ್ನುವ ಕೊಳೆರೋಗ ಬಂದು ಕಾಯಿ ಉದುರುತ್ತದೆ. 1999ರ ಯುದ್ಧ ಮೇಯಿಂದ ಜುಲೈವರೆಗೆ ನಡೆಯಿತು. ಸರಿಯಾಗಿ ನಮ್ಮ ಮದ್ದಿನ ಕಾಲ! ಅವರ ತೋಟಕ್ಕೆ ಮದ್ದು ಬಿಡುತ್ತಿದ್ದವನು ಅವನೇ. ‘ಅಪ್ಪನನ್ನು ಮರ ಹತ್ತಲು ಬಿಡಬೇಡ’ ಅಂತ ಬರೆದು ಅಡಿಗೆರೆ ಎಳೆದಿದ್ದಾನೆ. ಪೆನ್ನು ಒತ್ತಿದ ಜಾಗದಲ್ಲಿ ಕಾಗದ ಹರಿದಿದೆ. ಇದು ಬರೀ ಊರಿನ ವಿಚಾರವಾ?

‘ನೀನು ಅವನಿಗೆ ಏನು ಬರೆದೆ?’ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು. ಅವನು ನಾಲ್ಕು ಕಾಗದ ಬರೆದ. ನಾನು ಒಂದೇ. ಅಲ್ಲಿ ಗುಂಡು ಹಾರುತ್ತಿರುವಾಗ ನಮ್ಮ ತೋಟದ ಸುದ್ದಿ ಅವನಿಗೆ ಯಾಕೆ ಅಂತ ಸುಮ್ನೆ ಇದ್ದುಬಿಟ್ಟೆ. ನನ್ನ ತಲೆಯಲ್ಲೂ ಅದೇ ‘ಬರೀ’ ಕೂತಿತ್ತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಜುಲೈಯಲ್ಲಿ ಒಂದು ದಿನ ಮಳೆ ಬಿಟ್ಟಿತು. ಅವನ ತೋಟಕ್ಕೆ ಹೋಗಿ ನಾನೇ ಮರ ಹತ್ತಿದೆ. ಅವನ ಅಪ್ಪ ಕೆಳಗೆ ಪಂಪು ಒತ್ತಿದರು. ಸಂಜೆ ಅವರ ಜಗಲಿಯಲ್ಲೇ ಕೂತು ಬರೆದೆ: ‘ಎರಡನೇ ಮದ್ದು ಬಿಟ್ಟಾಯ್ತು. ಅಪ್ಪ ಮರ ಹತ್ತಲಿಲ್ಲ. ಸುರಂಗದಲ್ಲಿ ನೀರು ಜಾಸ್ತಿಯೇ ಉಂಟು.’

ಅವನು ರಜೆಯಲ್ಲಿ ಬಂದಾಗ ಆ ಕಾಗದ ಅವನ ಪರ್ಸಿನಲ್ಲಿತ್ತು. ಮಡಚಿ ಮಡಚಿ ನಾಲ್ಕು ತುಂಡಾಗಿತ್ತು. ಒಂದು ತುಂಡಿನ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು, ಮೈಲುತುತ್ತಿನ ಬಣ್ಣದ್ದು.