ಗುಡಿ ಇಲ್ಲ, ಪೂಜಾರಿ ಇಲ್ಲ, ಅಲ್ಲೇನು ನೋಡೋಕೆ ಹೋಗ್ತೀಯಾ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಯುಗಾದಿ ಊಟಕ್ಕೆ ಸೇರಿದಾಗ ಕೇಳುತ್ತಾರೆ. ಮಕ್ಕಳ ಹುಟ್ಟುಹಬ್ಬದಲ್ಲಿ ತಟ್ಟೆ ಹಿಡಿದುಕೊಂಡು ಕೇಳುತ್ತಾರೆ. ಊರಿಂದ ಚಿಗವ್ವ ವಿಡಿಯೋ ಕಾಲ್ ಮಾಡಿದರೆ ಅವಳದ್ದೂ ಅದೇ. "ಅಲ್ಲವಾ, ಗುಡಿ ಇಲ್ಲ ಅಂತಿ, ಪೂಜಾರಿ ಇಲ್ಲ ಅಂತಿ. ಮತ್ತ ಬರೇ ಕಲ್ಲು ನೋಡಾಕ ಹೋಕ್ಕೀ ಏನು?" ಚಿಗವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವಳು ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಾಳೆ. ಉಳಿದವರಿಗೆ ಇನ್ನು ಮೇಲೆ ಈ ಬರಹ ಕಳಿಸುತ್ತೇನೆ.

ವಿಷಯ ಇಷ್ಟು. ನಾನು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದೇನೆ. ವರ್ಷಕ್ಕೆ ಐದಾರು ಸಲ ಕೆಲವು ಪೇಗನ್ ಗೆಳೆಯರ ಜೊತೆ ಏವ್‌ಬರಿ ಎಂಬ ಹಳ್ಳಿಯ ಹಳೇ ಕಲ್ಲುವೃತ್ತಕ್ಕೆ ಹೋಗುತ್ತೇನೆ. ಕ್ರೈಸ್ತ ಧರ್ಮ ಬರುವ ಮೊದಲು ಯುರೋಪಿನಲ್ಲಿದ್ದ ದೇವರುಗಳನ್ನು, ನೆಲವನ್ನು, ಋತುಗಳನ್ನು ಈಗಿನ ಕಾಲದಲ್ಲಿ ಮತ್ತೆ ಪೂಜಿಸುವವರು ಪೇಗನ್ನರು. ಅವರಲ್ಲಿ ಹಳೇ ಕೆಲ್ಟ್ ಪುರೋಹಿತರ ಹೆಸರಿಟ್ಟುಕೊಂಡ ಡ್ರೂಯಿಡರಿದ್ದಾರೆ, ವಿಕ್ಕಾ ಎಂಬ ಪಂಥದವರಿದ್ದಾರೆ, ಯಾವ ಹೆಸರೂ ಬೇಡ ಅನ್ನುವವರೂ ಇದ್ದಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಅಂತ ಬರೆಸಿದರು. ಸುಮಾರು 13,000 ಜನ ವಿಕ್ಕಾ ಅಂತ ಬರೆಸಿದರು.

ನಾನು ಮತಾಂತರ ಆಗಿಲ್ಲ. ಮನೆಯಲ್ಲಿ ದಿನಾ ದೀಪ ಹಚ್ಚುತ್ತೇನೆ. "ನಮ್ಮಲ್ಲಿಗೆ ಸೇರು" ಅಂತ ಅವರು ಒಂದು ಸಲವೂ ಕರೆದಿಲ್ಲ. ಇದನ್ನು ಎಷ್ಟು ಸಲ ಹೇಳಬೇಕು?

ಇನ್ನೊಂದು ಮಾತು. ದಯವಿಟ್ಟು "ಮಾಟ ಮಾಡೋರು" ಅನ್ನಬೇಡಿ. ನನ್ನ ಮಗಳ ಎದುರಿಗೇ ಒಬ್ಬರು ಹಾಗೆ ಅಂದರು. ನಾನು ಊಟ ಅಲ್ಲೇ ಬಿಟ್ಟು ಎದ್ದು ಬಂದೆ. ನನಗೆ ಗೊತ್ತಿರುವ ಆ ಜನ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಲಾರಿ ಓಡಿಸುತ್ತಾರೆ, ವೃದ್ಧರ ಆರೈಕೆ ಮಾಡುತ್ತಾರೆ. ನನ್ನ ಅವ್ವ ತೀರಿಕೊಂಡಾಗ ನಾನು ಊರು ತಲುಪುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ವಾಪಸ್ ಬಂದ ಮೇಲೆ ಒಂದು ವಾರ ನನ್ನ ಮನೆಗೆ ಊಟ ತಂದುಕೊಟ್ಟವರು ಅವರೇ.

ಏವ್‌ಬರಿ ಎಂಥ ಜಾಗ ಅಂತ ಮೊದಲು ಹೇಳುತ್ತೇನೆ. ಸ್ಟೋನ್‌ಹೆಂಜ್ ಎಲ್ಲರಿಗೂ ಗೊತ್ತು. ಅಲ್ಲಿ ಟಿಕೆಟ್ ಇದೆ, ಹಗ್ಗ ಇದೆ, ದೂರದಿಂದ ಒಂದು ಸುತ್ತು ಹಾಕಿ ಬರಬೇಕು. ಏವ್‌ಬರಿಗೆ ಬಾಗಿಲೇ ಇಲ್ಲ. ದೊಡ್ಡ ಗುಂಡನೆಯ ಕಂದಕ. ಅದರ ಒಳಗೆ ಸುತ್ತಲೂ ಕಲ್ಲುಗಳು. ಮೊದಲು ಹೊರಗಿನ ಸುತ್ತಿನಲ್ಲೇ ಸುಮಾರು ನೂರು ಇದ್ದವಂತೆ. ಜಗತ್ತಿನ ಅತಿ ದೊಡ್ಡ ಕಲ್ಲುವೃತ್ತ ಇದು. ಕಟ್ಟಿ ನಾಲ್ಕು ಸಾವಿರ ವರ್ಷಕ್ಕೂ ಜಾಸ್ತಿ ಆಗಿದೆ. ವೃತ್ತದ ಒಳಗೇ ಊರಿದೆ. ಮನೆಗಳಿವೆ, ಒಂದು ಪಬ್ ಇದೆ, ನಡುವೆ ಟಾರು ರಸ್ತೆ ಹಾದು ಹೋಗುತ್ತದೆ. ಕುರಿಗಳು ಕಲ್ಲಿಗೆ ಮೈ ಉಜ್ಜುತ್ತಾ ನಿಂತಿರುತ್ತವೆ. ನೀವೂ ಹೋಗಿ ಕಲ್ಲಿಗೆ ಕೆನ್ನೆ ಇಟ್ಟು ನಿಲ್ಲಬಹುದು. ಯಾರೂ ಬೇಡ ಅನ್ನಲ್ಲ.

ಈ ಕಲ್ಲುಗಳು ಪಟ್ಟ ಪಾಡು ಕೇಳಿದರೆ ಹೊಟ್ಟೆ ಉರಿಯುತ್ತದೆ. ಮಧ್ಯಯುಗದಲ್ಲಿ ಊರಿನವರು ಎಷ್ಟೋ ಕಲ್ಲುಗಳನ್ನು ಕೆಡವಿ ಹೂತರು. ಆಮೇಲೆ, 17 ಮತ್ತು 18ನೇ ಶತಮಾನದಲ್ಲಿ, ಬೆಂಕಿ ಹಾಕಿ ಕಾಯಿಸಿ ಮೇಲೆ ತಣ್ಣೀರು ಸುರಿದು ಒಡೆದರು. ಆ ಚೂರುಗಳಿಂದ ಮನೆ ಕಟ್ಟಿಕೊಂಡರು. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬ ಶ್ರೀಮಂತ ಆ ಜಾಗ ಕೊಂಡುಕೊಂಡು, ಹೂತ ಕಲ್ಲುಗಳನ್ನು ಅಗೆಸಿ ಮತ್ತೆ ನಿಲ್ಲಿಸಿದ. ಅವನ ಮನೆತನದ್ದು ಮಾರ್ಮಲೇಡ್ ವ್ಯಾಪಾರ. 1938ರಲ್ಲಿ ಒಂದು ಕಲ್ಲಿನ ಕೆಳಗೆ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಗೆ 14ನೇ ಶತಮಾನದ ನಾಣ್ಯಗಳು, ಒಂದು ಕತ್ತರಿ. ಕ್ಷೌರಿಕನೋ ವೈದ್ಯನೋ ಇರಬೇಕು ಅಂತ ಆಗ ಅಂದುಕೊಂಡರು. ಆ ಕಲ್ಲನ್ನು ಈಗಲೂ ಕ್ಷೌರಿಕನ ಕಲ್ಲು ಅಂತಲೇ ಕರೆಯುತ್ತಾರೆ.

ಹಾಗಾದರೆ ಅಲ್ಲಿ ಹೋಗಿ ಏನು ಮಾಡುತ್ತೇವೆ? ಸುತ್ತಲೂ ನಿಲ್ಲುತ್ತೇವೆ. ನಾಲ್ಕು ದಿಕ್ಕಿಗೂ ಶಾಂತಿ ಕೋರುತ್ತೇವೆ. ಆ ಹೊತ್ತಿನ ಋತುವಿನ ಬಗ್ಗೆ ಯಾರೋ ಒಬ್ಬರು ನಾಲ್ಕು ಮಾತಾಡುತ್ತಾರೆ. ಜೇನಿನಿಂದ ಮಾಡಿದ ಮೀಡ್ ಎಂಬ ಮದ್ಯ ಮತ್ತು ಬ್ರೆಡ್ ಕೈಯಿಂದ ಕೈಗೆ ಹೋಗುತ್ತದೆ. ಮೊದಲ ತುತ್ತು, ಮೊದಲ ಹನಿ ನೆಲಕ್ಕೆ. ನಾನು ಮೀಡ್ ಕುಡಿಯಲ್ಲ. ನನಗೆ ಸೇಬಿನ ರಸ ತರುತ್ತಾರೆ. ವರ್ಷಕ್ಕೆ ಎಂಟು ಹಬ್ಬ: ಹಗಲು ಅತಿ ಉದ್ದ ಇರುವ ದಿನ, ಅತಿ ಗಿಡ್ಡ ಇರುವ ದಿನ, ಹಗಲು ರಾತ್ರಿ ಸಮ ಇರುವ ಎರಡು ದಿನ, ಇವುಗಳ ನಡುವೆ ಬರುವ ನಾಲ್ಕು. ಅಷ್ಟೇ.

"ಇದೆಲ್ಲಾ ಮೊನ್ನೆ ಮೊನ್ನೆ ಹುಟ್ಟಿದ್ದಲ್ವಾ? ನಿಜವಾದ ಹಳೇ ಧರ್ಮ ಏನಲ್ಲ" ಅಂತ ಓದಿಕೊಂಡವರು ಕೇಳುತ್ತಾರೆ. ಹೌದು, ಹೊಸದೇ. ಮಾಟಗಾತಿಯರ ವಿರುದ್ಧದ ಹಳೇ ಕಾನೂನು ಬ್ರಿಟನ್ನಿನಲ್ಲಿ ರದ್ದಾದದ್ದು 1951ರಲ್ಲಿ. ತನ್ನನ್ನು ಮಾಟಗಾತಿಯರ ಪರಂಪರೆ ಅಂತ ಕರೆದುಕೊಂಡ ವಿಕ್ಕಾವನ್ನು ಜೆರಾಲ್ಡ್ ಗಾರ್ಡ್ನರ್ ಎಂಬವರು ಹತ್ತು ಜನರ ಮುಂದೆ ತಂದದ್ದು ಅದಾದ ಮೇಲೆ. ಹಳೇ ಕಾಲದ ಡ್ರೂಯಿಡರು ಈ ಕಲ್ಲುಗಳನ್ನು ನಿಲ್ಲಿಸಲಿಲ್ಲ ಅನ್ನುವುದೂ ನಿಜ. ಕಲ್ಲು ನಿಂತು ಎರಡು ಸಾವಿರ ವರ್ಷ ಆದ ಮೇಲೆ ಅವರ ಹೆಸರು ಕೇಳಿಬರುತ್ತದೆ. ವಿಲಿಯಂ ಸ್ಟಕ್ಲಿಯಂಥ ವಿದ್ವಾಂಸರು 18ನೇ ಶತಮಾನದಲ್ಲಿ ಅವರಿಗೂ ಈ ಕಲ್ಲುಗಳಿಗೂ ಗಂಟು ಹಾಕಿದರು. ನನ್ನ ಗೆಳೆಯರಿಗೆ ಇದೆಲ್ಲಾ ಗೊತ್ತು. ಇಲ್ಲಿ ಹಿಂದೆ ಯಾವ ಮಂತ್ರ ಹೇಳುತ್ತಿದ್ದರೋ ನಮಗೆ ತಿಳಿಯದು ಅಂತ ಅವರೇ ಆ ಕಲ್ಲಿನ ಎದುರು ನಿಂತು ಹೇಳುತ್ತಾರೆ. ಹಾಗೆ ಒಪ್ಪಿಕೊಂಡು ಕೈ ಜೋಡಿಸುವುದು ನನಗೆ ತುಂಬಾ ಇಷ್ಟ.

ಇದರ ಉಲ್ಟಾ ಇನ್ನೊಂದು ಇದೆ. "ಅದೆಲ್ಲಾ ನಮ್ಮಿಂದಲೇ ಹೋಗಿದ್ದು. ಅವರೂ ಹಿಂದೂಗಳೇ ಅಲ್ವಾ?" ಅಲ್ಲ. ಆ ಕಲ್ಲು ಆ ನೆಲದ್ದು, ಎತ್ತಿ ನಿಲ್ಲಿಸಿದ ತೋಳು ಅಲ್ಲಿನವರದ್ದು. ಬೇರೆಯವರ ಅಂಗಳದ ಹೂವಿಗೆ ನಮ್ಮ ಹೆಸರು ಬರೆಯುವುದು ಬೇಡ. ಒಬ್ಬರು ಇದನ್ನು ಖುಷಿಯಿಂದ, ನನ್ನನ್ನು ಹೊಗಳುವ ಹಾಗೆ ಹೇಳಿದರು. ನನಗೆ ಮಾತ್ರ "ಮಾಟ" ಅಂದದ್ದಕ್ಕಿಂತ ಇದೇ ಜಾಸ್ತಿ ನೋವಾಯಿತು.

ಪೇಗನ್ನರ ಯಾತ್ರೆಗೆ ನಮ್ಮ ಹಾಗೆ ಪಟ್ಟಿ ಇಲ್ಲ. ಇಷ್ಟು ಕ್ಷೇತ್ರ ನೋಡಬೇಕು, ನೋಡಿದರೆ ಇಷ್ಟು ಪುಣ್ಯ ಅಂತ ಇಲ್ಲ. ಕೆಲವರು ಗ್ಲಾಸ್ಟನ್‌ಬರಿಗೆ ಹೋಗುತ್ತಾರೆ. ಅಲ್ಲಿ ಚಾಲಿಸ್ ವೆಲ್ ಎಂಬ ಊಟೆಯ ನೀರಲ್ಲಿ ಕಬ್ಬಿಣದಂಶ ಇದೆ, ಹರಿದಲ್ಲೆಲ್ಲಾ ಕಲ್ಲು ಕೆಂಪಾಗುತ್ತದೆ. ಕೆಲವರು ಎಲ್ಲಿಗೂ ಹೋಗಲ್ಲ. ಇಡೀ ಭೂಮಿಯೇ ಪವಿತ್ರ ಅಂದ ಮೇಲೆ ನೂರಾರು ಮೈಲಿ ಕಾರು ಓಡಿಸಿ ಹೊಗೆ ಬಿಡುವುದು ಯಾಕೆ, ಮನೆ ಹಿಂದಿನ ಓಕ್ ಮರ ಸಾಲದಾ ಅಂತ ಅವರ ವಾದ. ಈ ಜಗಳ ಅವರೊಳಗೆ ಮುಗಿದೇ ಇಲ್ಲ. ಸ್ಟೋನ್‌ಹೆಂಜಿಗೆ ಹೋಗುವುದಕ್ಕೂ ಅವರು ಕಷ್ಟಪಟ್ಟಿದ್ದಾರೆ. 1985ರ ಜೂನ್ 1ರಂದು ಅಲ್ಲಿಗೆ ಹೊರಟಿದ್ದ ಅಲೆಮಾರಿಗಳ ಬಸ್ಸು ವ್ಯಾನುಗಳನ್ನು ಪೊಲೀಸರು ತಡೆದು, ಹೊಡೆದು, ಐನೂರಕ್ಕೂ ಜಾಸ್ತಿ ಜನರನ್ನು ಬಂಧಿಸಿದರು. ಬೀನ್‌ಫೀಲ್ಡ್ ಕದನ ಅಂತ ಅದಕ್ಕೆ ಹೆಸರು. ಜೂನಿನಲ್ಲಿ ಹಗಲು ಅತಿ ಉದ್ದ ಇರುವ ದಿನ ಎಲ್ಲರನ್ನೂ ಮತ್ತೆ ಕಲ್ಲುಗಳ ನಡುವೆ ಬಿಡಲು ಶುರುವಾದದ್ದು 2000ದಲ್ಲಿ. ದೇವರ ಹತ್ತಿರ ಹೋಗೋಕೆ ಹೊಡೆತ ತಿಂದವರ ಕಥೆ ನಮಗೆ ಹೊಸದೇನಲ್ಲ, ಅಲ್ವಾ?

ಇಷ್ಟೆಲ್ಲಾ ಕೇಳುತ್ತೀರಿ. "ಅಲ್ಲಿ ಏನು ಬಿಟ್ಟು ಬಂದೆ?" ಅಂತ ಮಾತ್ರ ಯಾರೂ ಕೇಳಲಿಲ್ಲ. ನನಗೆ ಹೇಳಬೇಕಾಗಿರುವುದು ಅದನ್ನೇ.

ಏವ್‌ಬರಿಯಿಂದ ಸ್ವಲ್ಪ ದೂರ ನಡೆದರೆ ಕೆನೆಟ್ ಹೊಳೆ ಹುಟ್ಟುವ ಒಂದು ಊಟೆ ಇದೆ. ಸ್ವಾಲೋಹೆಡ್ ಅಂತ ಹೆಸರು. ಬೇಸಿಗೆಯಲ್ಲಿ ಬತ್ತಿರುತ್ತದೆ. ಚಳಿಗಾಲದ ಮಳೆ ನೆಲಕ್ಕೆ ಇಳಿದ ಮೇಲೆ ಮತ್ತೆ ಉಕ್ಕುತ್ತದೆ. ಫೆಬ್ರವರಿ ಮೊದಲಲ್ಲಿ ಇಂಬೋಲ್ಕ್ ಹಬ್ಬ ಬರುತ್ತದೆ. ಬ್ರಿಜಿಡ್ ದೇವಿಯ ಹಬ್ಬ, ಚಳಿ ಮುರಿಯುವ ಹಬ್ಬ. ಆಗ ಅಲ್ಲಿಗೆ ಹೋಗುತ್ತೇವೆ. ಹೊಳೆ ದಾಟೋಕೆ ಕಲ್ಲು ಹಾಕಿದ್ದಾರೆ. ಆಚೆ ದಡದಲ್ಲಿ ಒಂದು ವಿಲ್ಲೋ ಮರ, ಅದರ ತುಂಬಾ ಬಟ್ಟೆ ಚೂರುಗಳು. ಸ್ಕಾಟ್ಲೆಂಡ್, ಐರ್ಲೆಂಡ್, ಕಾರ್ನ್‌ವಾಲ್ ಕಡೆ ಊಟೆಗಳ ಹತ್ತಿರ ಇದು ಹಳೇ ರೂಢಿ. ನೋವಿರುವವರ ಬಟ್ಟೆಯ ಚೂರನ್ನು ನೀರಲ್ಲಿ ಅದ್ದಿ ಮರಕ್ಕೆ ಕಟ್ಟುತ್ತಾರೆ. ಬಟ್ಟೆ ಕೊಳೆಯುತ್ತಾ ಹೋದ ಹಾಗೆ ನೋವೂ ಕರಗುತ್ತದೆ ಅಂತ ನಂಬಿಕೆ.

ಅವ್ವ ಹೋದ ವರ್ಷ ನಾನೂ ಕಟ್ಟಿದೆ. ಅವಳು ದಿನಾ ಉಡುತ್ತಿದ್ದ ಒಂದು ಪಾಲಿಸ್ಟರ್ ಸೀರೆ ತಂದಿದ್ದೆ. ಹಸಿರು, ಸಣ್ಣ ಬಿಳಿ ಹೂವು. ಸೆರಗಿನಿಂದ ಒಂದು ಗೇಣು ಹರಿದು ಬಿಗಿಯಾಗಿ ಎರಡು ಗಂಟು ಹಾಕಿದೆ. ಬಿಚ್ಚಿ ಹೋಗಬಾರದು ಅಂತ. ಆವತ್ತು ಅಲ್ಲೇ ಕೂತು ಮನಸ್ಸು ಬಿಚ್ಚಿ ಅತ್ತೆ. ಹದಿನಾಲ್ಕು ದಿನದಿಂದ ಬಾರದಿದ್ದ ಅಳು.

ಮುಂದಿನ ಫೆಬ್ರವರಿಗೆ ಹೋದೆ. ಸುತ್ತಲಿನ ಹತ್ತಿ ಬಟ್ಟೆಗಳು ಬೂದಿ ಬಣ್ಣಕ್ಕೆ ತಿರುಗಿ ಎಳೆ ಎಳೆಯಾಗಿದ್ದವು. ನನ್ನ ಗಂಟು ಕಟ್ಟಿದ ದಿನ ಹೇಗಿತ್ತೋ ಹಾಗೇ ಇತ್ತು. ಅದೇ ಹಸಿರು, ಅದೇ ಹೂವು. ಆದರೆ ಕೊಂಬೆ ದಪ್ಪ ಆಗಿತ್ತು. ಗಂಟು ತೊಗಟೆಯೊಳಗೆ ಹೂತು ಹೋಗಿ, ಅದರಾಚೆಗಿನ ಚಿಗುರು ಒಣಗಿತ್ತು.

ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಅವರು ಏನೂ ಅನ್ನಲಿಲ್ಲ. ಕೋಟಿನ ಜೇಬಿನಿಂದ ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟರು. "ನೀನೇ ಕತ್ತರಿಸು. ಅದು ನಿನ್ನ ಅಮ್ಮನದು" ಅಂದರು. ಕೈ ನಡುಗುತ್ತಿತ್ತು. ಎಳೆ ಎಳೆಯಾಗಿ ಕತ್ತರಿಸಿ, ತೊಗಟೆಯೊಳಗಿನದನ್ನು ಉಗುರಿನಿಂದ ಎಳೆದು ತೆಗೆದೆ. ಒಂದು ವರ್ಷ ನನ್ನ ದುಃಖದ ಭಾರ ಹೊತ್ತದ್ದು ಆ ಕೊಂಬೆ. ಅದರ ಕುತ್ತಿಗೆ ನಾನು ಹಿಸುಕಿದ್ದೆ.

ಆ ಮೇಲೆ ಅಜ್ಜಿ ಮರದ ಸುತ್ತ ತಿರುಗಿ ನೈಲಾನ್ ರಿಬ್ಬನ್ನು, ಪ್ಲಾಸ್ಟಿಕ್ ಮಣಿ, ಗಿಫ್ಟ್ ಕಟ್ಟುವ ದಾರ ಇವನ್ನೆಲ್ಲಾ ಬಿಡಿಸಿದರು. ಪ್ರತಿ ಗಂಟು ಬಿಡಿಸುವಾಗಲೂ ಪಿಸುಮಾತಲ್ಲಿ ಏನೋ ಹೇಳುತ್ತಿದ್ದರು. ಯಾರದ್ದೋ ಹರಕೆ ಅದು, ಸುಮ್ನೆ ಕಸ ಅಂತ ಎಳೆದು ಬಿಸಾಡಲಿಲ್ಲ. ಅಲ್ಲಿಂದ ಗುಡ್ಡ ಹತ್ತಿ ವೆಸ್ಟ್ ಕೆನೆಟ್ ಸಮಾಧಿಗೆ ಹೋದೆವು. ಐದೂವರೆ ಸಾವಿರ ವರ್ಷ ಹಳೆಯ ಕಲ್ಲಿನ ಕೋಣೆಗಳು. ಒಳಗೆ ಯಾರೋ ಮೇಣದ ದೀಪಗಳನ್ನು ಹಚ್ಚಿಟ್ಟು ಹೋಗಿದ್ದರು. ಕಲ್ಲಿನ ಮೇಲೆ ಮಸಿ, ಸಂದಿಯಲ್ಲಿ ಕರಗಿದ ಮೇಣ. ಆ ಸಣ್ಣ ಬೆಂಕಿಗೂ ಕಲ್ಲು ಬಿರುಕು ಬಿಡುತ್ತದೆ. ಅಜ್ಜಿ ಮಂಡಿಯೂರಿ ಕೂತು ಖಾಲಿ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡರು. ಆವತ್ತು ನಾವು ಬೇರೆ ಪೂಜೆ ಮಾಡಲಿಲ್ಲ. ಇದೇ ಆಯಿತು.

ಅದಾದ ಮೇಲೆ ಊರಿಗೆ ಹೋದಾಗ ಹಿರೇಬೆಣಕಲ್ ಗುಡ್ಡ ಹತ್ತಿದೆ. ನಾನು ಗಂಗಾವತಿಯವಳು. ಇಷ್ಟು ಹತ್ತಿರ ಹಳೇ ಕಾಲದ ಜನ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಕಲ್ಲುಮನೆಗಳಿವೆ, ಮೋರ್ಯರ ಗುಡ್ಡ ಅಂತ ಜನ ಕರೆಯುತ್ತಾರೆ. ಚಿಕ್ಕವಳಿದ್ದಾಗ ಒಂದು ಸಲವೂ ಹೋಗಿರಲಿಲ್ಲ. ಏವ್‌ಬರಿಗೂ ಅದಕ್ಕೂ ಸಂಬಂಧ ಇಲ್ಲ, ಕಟ್ಟಿದವರು ಬೇರೆ, ಕಾಲ ಬೇರೆ. ಆದರೆ ಚಪ್ಪಡಿ ಎತ್ತಿ ನಿಲ್ಲಿಸಿದ ಕೈಗಳ ಶ್ರಮ ನೋಡಿದಾಗ ಅದೇ ತರಹ ಗಂಟಲು ಕಟ್ಟಿತು. ಚಿಗವ್ವ ಹಟ ಮಾಡಿ ಜೊತೆಗೆ ಬಂದಿದ್ದಳು. ಮಂಡಿನೋವು ಅಂತ ದಾರಿಯುದ್ದಕ್ಕೂ ಕೂತು ಕೂತು ಹತ್ತಿದಳು. ನಿಧಿ ಆಸೆಗೆ ಯಾರೋ ಕೆಡವಿದ ಒಂದು ಚಪ್ಪಡಿ ಬಿದ್ದಿತ್ತು. ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು.

"ನಿಮ್ಮ ಕಲ್ಲಿಗೂ ಹಿಂಗ ಮಾಡ್ಯಾರೇನವಾ?" ಅಂದಳು.

"ಹೂಂ ಚಿಗವ್ವ. ಬೆಂಕಿ ಹಾಕಿ ಒಡದಾರ" ಅಂದೆ.

"ಅಯ್ಯ, ಪಾಪ" ಅಂದಳು. ಆಮೇಲೆ ಅಲ್ಲಿ ಬಿದ್ದಿದ್ದ ಚಿಪ್ಸ್ ಪಾಕೀಟುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಕಟ್ಟಿಕೊಂಡಳು.

ಸ್ವಿಂಡನ್ ಕಡೆ ಇರುವವರು ಯಾರಾದರೂ ಫೆಬ್ರವರಿಯಲ್ಲಿ ಜೊತೆಗೆ ಬರುವುದಾದರೆ ಬನ್ನಿ. 49ನೇ ನಂಬರ್ ಬಸ್ಸು ಏವ್‌ಬರಿಗೆ ಹೋಗುತ್ತದೆ. ಆಮೇಲೆ ನಡಿಗೆ. ಹೊಲದ ತುಂಬಾ ಕೆಸರಿರುತ್ತದೆ, ಒಳ್ಳೆ ಬೂಟು ಹಾಕಿಕೊಳ್ಳಿ. ಹೂವು, ಅಗರಬತ್ತಿ, ದೀಪ ಏನೂ ತರಬೇಡಿ. ಕೈಗವಸು ತನ್ನಿ, ಒಂದು ಖಾಲಿ ಚೀಲ ತನ್ನಿ. ಅಜ್ಜಿಗೆ ಈಗ ಅಷ್ಟು ದೂರ ನಡೆಯೋಕೆ ಆಗಲ್ಲ. ಕತ್ತರಿ ನನ್ನ ಹತ್ತಿರ ಇದೆ.