ಒಂದು ದೋಸೆ ಎಲ್ಲಿ ಹೋಯ್ತು?

ಗೆಳೆಯನ ದರ್ಶಿನಿಗೆ ಒಂದು ಸಣ್ಣ ಆರ್ಡರ್ ಪರದೆ ಮಾಡಿಕೊಟ್ಟಿದ್ದೆ. ಕೌಂಟರ್‌ನಲ್ಲಿ ಬಿಲ್ ಹಾಕಿದ ತಕ್ಷಣ ಅಡುಗೆಮನೆಯ ಟ್ಯಾಬ್ಲೆಟ್‌ನಲ್ಲಿ ಆರ್ಡರ್ ಕಾಣಬೇಕು, ಅಷ್ಟೇ. ಬಳಸಿದ್ದು ರೈಲ್ಸ್ (ರೂಬಿ ಭಾಷೆಯ ವೆಬ್ ಚೌಕಟ್ಟು) ಮತ್ತು ಟರ್ಬೋ ಸ್ಟ್ರೀಮ್ (ಸರ್ವರ್ ಕಳಿಸಿದ ತುಣುಕಿನಿಂದ ಪುಟದ ಒಂದು ಭಾಗವನ್ನಷ್ಟೇ ಬದಲಿಸುವ ಸಾಧನ), ನಾನು ಬರೆದ ಜಾವಾಸ್ಕ್ರಿಪ್ಟ್ ಹೆಚ್ಚುಕಮ್ಮಿ ಇಲ್ಲ. ಒಂದು ಭಾನುವಾರ ಬೆಳಿಗ್ಗೆ, ಜನ ತುಂಬಿರುವ ಹೊತ್ತಲ್ಲಿ, ಭಟ್ಟರ ಫೋನು: "ಮೇಲೆ ಏಳು ಅಂತಿದೆ, ಕೆಳಗೆ ಎಣಿಸಿದ್ರೆ ಆರೇ ಇದೆ. ಒಂದು ದೋಸೆ ಎಲ್ಲಿ ಹೋಯ್ತು ಸಾರ್?"

ದೋಸೆ ಎಲ್ಲೂ ಹೋಗಿರಲಿಲ್ಲ. ಆರ್ಡರ್ ಕ್ಯಾನ್ಸಲ್ ಆಗಿತ್ತು. ಪಟ್ಟಿಯಿಂದ ಅದನ್ನು ತೆಗೆಯುವ ರಿಮೂವ್ ಬರೆದಿದ್ದೆ, ಮೇಲಿನ ಎಣಿಕೆ ಬದಲಿಸುವ ಅಪ್‌ಡೇಟ್ ಮರೆತಿದ್ದೆ.

ಟರ್ಬೋ ಸ್ಟ್ರೀಮ್ ಅಂದರೆ ಕೊನೆಗೂ ಒಂದು ಎಚ್‌ಟಿಎಂಎಲ್ ಟ್ಯಾಗ್: ಏನು ಮಾಡಬೇಕು, ಯಾವ ಐಡಿಗೆ, ಯಾವ ತುಣುಕು. ಟರ್ಬೋ ಸೇರಿರುವ ಹಾಟ್‌ವೈರ್ ಅನ್ನೋ ಸಾಧನಗಳ ಕಟ್ಟು ಹೊರಬಂದದ್ದು 2020ರ ಡಿಸೆಂಬರ್‌ನಲ್ಲಿ, ಮರುವರ್ಷ ಬಂದ ರೈಲ್ಸ್ 7ರಲ್ಲಿ ಅದು ಜೊತೆಗೇ ಬರತೊಡಗಿತು. ಅದರ ಹೆಲ್ಪರ್‌ಗಳು, ಅಂದರೆ ಈ ಟ್ಯಾಗ್‌ಗಳನ್ನು ಬರೆದುಕೊಡುವ ಸಣ್ಣ ಮೆಥಡ್‌ಗಳು, ಚೆನ್ನಾಗಿಯೇ ಇವೆ. ಆದರೆ ಅವು ಮಾತಾಡುವುದು ಪುಟದ ಭಾಷೆ: ಅಪೆಂಡ್, ರಿಪ್ಲೇಸ್, ರಿಮೂವ್. ನನ್ನ ತಲೆಯಲ್ಲಿ ಓಡುವುದು ಆರ್ಡರ್ ಬಂತು, ಆರ್ಡರ್ ಹೋಯ್ತು ಅನ್ನೋದು. ಇವೆರಡರ ನಡುವಿನ ಅನುವಾದವನ್ನು ಪ್ರತಿ ಕಂಟ್ರೋಲರ್‌ನಲ್ಲೂ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕೋಡ್) ಹೊಸದಾಗಿ ಮಾಡುತ್ತಾ ಕೂತರೆ ಒಂದಲ್ಲ ಒಂದು ಕಡೆ ಒಂದು ಸಾಲು ಬಿಟ್ಟೇ ಹೋಗುತ್ತೆ.

ಸರಿ, ಹೆಲ್ಪರ್ ಬರೆದೆ. ಮೊದಲನೆಯದು ಕೆಟ್ಟದಾಗಿತ್ತು. ಒಂದೇ ಮೆಥಡ್, ಎಣಿಕೆ ಬೇಕಾ, ಸೂಚನೆ ತೋರಿಸಬೇಕಾ, ಫಾರ್ಮ್ ಖಾಲಿ ಮಾಡಬೇಕಾ ಅಂತ ಒಂದರ ಹಿಂದೆ ಒಂದು ಆಪ್ಷನ್. ಎರಡೇ ವಾರದಲ್ಲಿ ಟ್ರೂ, ಫಾಲ್ಸ್, ನಿಲ್, ಟ್ರೂ ಅಂತ ಕರೆಯುವ ಸಾಲುಗಳು ಬಂದವು. ಬರೆದವನಿಗೇ ಅರ್ಥ ಆಗದ್ದು ಎಂಥ ಅನುಕೂಲ?

ಈಗಿರುವುದು ಆಪ್ಷನ್ನೇ ಇಲ್ಲದ ಮೂರು ಮೆಥಡ್: ಆರ್ಡರ್ ಬಂತು, ಬದಲಾಯ್ತು, ಹೋಯ್ತು. ಟರ್ಬೋದ ಟ್ಯಾಗ್ ಬಿಲ್ಡರ್‌ಗೆ ಒಂದು ಮಾಡ್ಯೂಲ್ ಸೇರಿಸಿ ಅದರಲ್ಲಿಟ್ಟಿದ್ದೇನೆ. ಒಂದೊಂದೂ ಎರಡೋ ಮೂರೋ ಸ್ಟ್ರೀಮ್ ಟ್ಯಾಗ್ ಕೂಡಿಸಿ ಕೊಡುತ್ತೆ. ಇಲ್ಲಿ ಒಂದು ಮಾತು: ಅರೇಯನ್ನು ಸುಮ್ನೆ ಜಾಯಿನ್ ಮಾಡಿದರೆ ವ್ಯೂನಲ್ಲಿ (ಎಚ್‌ಟಿಎಂಎಲ್ ತಯಾರಿಸುವ ಕಡತ) ಟ್ಯಾಗೆಲ್ಲ ಎಸ್ಕೇಪ್ ಆಗಿ ಬರೀ ಅಕ್ಷರವಾಗಿಬಿಡುತ್ತೆ, ಸೇಫ್ ಜಾಯಿನ್ ಬಳಸಿ. "ಆರ್ಡರ್ ಇಲ್ಲ" ಅನ್ನೋ ಖಾಲಿ ಪಟ್ಟಿಯ ಸಂದೇಶಕ್ಕೂ ಮೊದಲು ಒಂದು ಸ್ಟ್ರೀಮ್ ಇತ್ತು. ಆ ಸಂದೇಶವನ್ನು ಪಟ್ಟಿಯ ಒಳಗೇ ಇಟ್ಟು, ಸಿಎಸ್‌ಎಸ್‌ನ ಓನ್ಲಿ-ಚೈಲ್ಡ್ ಸೆಲೆಕ್ಟರ್‌ನಿಂದ ಅದೊಂದೇ ಇರುವಾಗ ಮಾತ್ರ ಕಾಣುವಂತೆ ಮಾಡಿದೆ, ಸ್ಟ್ರೀಮ್ ಅಳಿಸಿದೆ.

ಜಾಸ್ತಿ ತಲೆ ಕೆಡಿಸಿದ್ದು ಬ್ರಾಡ್‌ಕಾಸ್ಟ್, ಅಂದರೆ ತೆರೆದಿರುವ ಎಲ್ಲ ಪರದೆಗಳಿಗೂ ಬದಲಾವಣೆ ಕಳಿಸುವುದು. ಕೌಂಟರ್‌ಗೆ ಉತ್ತರ ಅದರದೇ ರಿಕ್ವೆಸ್ಟ್‌ನಲ್ಲಿ ಹೋಗುತ್ತೆ, ಅಡುಗೆಮನೆಗೆ ವೆಬ್‌ಸಾಕೆಟ್ ಅನ್ನೋ ಸದಾ ತೆರೆದಿರುವ ಸಂಪರ್ಕದಲ್ಲಿ. ಎರಡಕ್ಕೂ ಬೇರೆ ಬೇರೆ ಕೋಡ್ ಇದ್ದರೆ ಮತ್ತೆ ಅದೇ ಕಾಣೆಯಾದ ದೋಸೆಯ ಕಥೆ, ಅಲ್ವಾ? ಅದಕ್ಕೆ ಬ್ರಾಡ್‌ಕಾಸ್ಟ್ ರೆಂಡರ್ ಮೆಥಡ್‌ನಿಂದ ಅದೇ ವ್ಯೂ ಕಡತವನ್ನೇ ಎರಡು ಕಡೆಗೂ ಕಳಿಸುತ್ತೇನೆ. ಕೌಂಟರ್‌ಗೆ ಎರಡು ಸಲ ಬಂದರೂ ಪರವಾಗಿಲ್ಲ. ಪಟ್ಟಿಯಲ್ಲಿ ಅದೇ ಐಡಿ ಇರುವ ಸಾಲು ಆಗಲೇ ಇದ್ದರೆ ಪ್ರಿಪೆಂಡ್ (ಪಟ್ಟಿಯ ತಲೆಗೆ ಸೇರಿಸುವುದು) ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತೆ. ತೊಡಕು ಇರುವುದು ಬೇರೆ ಕಡೆ: ಬ್ರಾಡ್‌ಕಾಸ್ಟ್ ರೆಂಡರ್ ಆಗುವಾಗ ಸೆಷನ್ ಇರುವುದಿಲ್ಲ, ಹಾಗಾಗಿ ಲಾಗಿನ್ ಆದವರು ಯಾರು ಅಂತ ಪಾರ್ಷಿಯಲ್ (ಆರ್ಡರ್ ಸಾಲಿನ ವ್ಯೂ ತುಣುಕು) ಕೇಳಿತೋ, ಕೆಟ್ಟಿತು. ಕ್ಯಾನ್ಸಲ್ ಬಟನ್ ಕ್ಯಾಷಿಯರ್‌ಗೆ ಮಾತ್ರ ಕಾಣಬೇಕು ಅಂತ ಒಂದು ಇಫ್ ಇತ್ತು. ಈಗ ಬಟನ್ ಎಲ್ಲರ ಸಾಲಿನಲ್ಲೂ ಇರುತ್ತೆ, ಅಡುಗೆಮನೆಯ ಪುಟದಲ್ಲಿ ಸಿಎಸ್‌ಎಸ್ ಅದನ್ನು ಮರೆ ಮಾಡುತ್ತೆ, ಅನುಮತಿ ಇದೆಯೋ ಇಲ್ಲವೋ ಅಂತ ಸರ್ವರ್ ನೋಡಿಕೊಳ್ಳುತ್ತೆ.

ಟರ್ಬೋ 8ರ ಮಾರ್ಫಿಂಗ್ (ಹೊಸ ಪುಟವನ್ನು ಹಳೆಯದರ ಜೊತೆ ಹೋಲಿಸಿ ಬದಲಾದದ್ದನ್ನಷ್ಟೇ ತಿದ್ದುವುದು) ಇದೆಯಲ್ಲ, ಪುಟವನ್ನೇ ರಿಫ್ರೆಶ್ ಮಾಡಿದರೆ ಮುಗೀತಲ್ಲ ಅಂತ ಕೇಳಬಹುದು. ಸಂಜೆಯ ಲೆಕ್ಕದ ಪುಟಕ್ಕೆ ಅದನ್ನೇ ಹಾಕಿದ್ದೇನೆ. ಬಿಲ್ ಅರ್ಧ ಟೈಪ್ ಮಾಡಿರುವ ಕೌಂಟರ್ ಪುಟಕ್ಕೆ ನನಗೆ ಧೈರ್ಯ ಬರಲಿಲ್ಲ.

ಇನ್ನೊಂದು. ಹೇಳಿದ ಐಡಿ ಪುಟದಲ್ಲಿ ಇಲ್ಲದಿದ್ದರೆ ಟರ್ಬೋ ತುಟಿ ಬಿಚ್ಚುವುದಿಲ್ಲ. ಎರರ್ ಇಲ್ಲ, ಏನೂ ಇಲ್ಲ, ಪರದೆ ಸುಮ್ನೆ ಹಾಗೇ ಇರುತ್ತೆ. ಸ್ಟ್ರೀಮ್ ರೆಂಡರ್ ಆಗುವ ಮುಂಚೆ ಬರುವ ಈವೆಂಟ್ ಹಿಡಿದು, ಐಡಿ ಸಿಗದಿದ್ದರೆ ಕನ್ಸೋಲ್‌ನಲ್ಲಿ ಕೂಗುವ ಐದಾರು ಸಾಲನ್ನು ಡೆವಲಪ್‌ಮೆಂಟ್‌ಗೆ ಮಾತ್ರ ಹಾಕಿಕೊಂಡೆ. ಹಾಕಿದ ದಿನವೇ ಎರಡು ಸಿಕ್ಕವು, ಒಂದರಲ್ಲಿ ಆರ್ಡರ್_42 ಅನ್ನೋ ಕಡೆ ಆರ್ಡರ್ಸ್_42 ಅಂತ ಬರೆದಿದ್ದೆ.