37.33: ಡ್ರಿಲ್ ಮಾಸ್ತರು ಕೊಟ್ಟ ಲೆಕ್ಕ

ಈ ಸಲದ ಆಷಾಢದ ಮಳೆಯಲ್ಲಿ ನಮ್ಮ ಡ್ರಿಲ್ ಮಾಸ್ತರು ತೀರಿಕೊಂಡರು. ಎಂಬತ್ನಾಲ್ಕು ವರ್ಷವಾಗಿತ್ತು. ಸುದ್ದಿ ಸಿಕ್ಕಿದ್ದೇ ಹುಬ್ಬಳ್ಳಿಯಿಂದ ಹೊರಟೆ. ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲು ಕರಗಿ ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದ ಮೂಲೆಯಲ್ಲಿ ಅವರ ಕಪ್ಪು ಕೊಡೆ ಇನ್ನೂ ಬಿಚ್ಚಿಯೇ ಇತ್ತು, ಒಣಗಲಿ ಎಂದು ಅವರೇ ಇಟ್ಟಿದ್ದಂತೆ. ಹೈಸ್ಕೂಲಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಮುಖ್ಯಾಧ್ಯಾಪಕರು ಕೇಳಿದಾಗ ನನಗೆ ಬೇರೆ ವಿಷಯ ಹೊಳೆಯಲೇ ಇಲ್ಲ.

ನಮ್ಮ ಹೈಸ್ಕೂಲು ಇರುವ ಜಾಗ ಓದುಗರಿಗೆ ಗೊತ್ತೇ ಇದೆ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಅಂಚು. ಹತ್ತನೆಯ ಇಯತ್ತೆಯ ಕಿಟಕಿಯಲ್ಲಿ ಕೂತರೆ ನೀರು ಏರುವುದೂ ಇಳಿಯುವುದೂ ಕಾಣುತ್ತಿತ್ತು. ಆ ಕಿಟಕಿಯಿಂದ ನಾನು ಕಲಿತ ಬೀಜಗಣಿತ ಒಂದಕ್ಷರವೂ ಈಗ ನೆನಪಿಲ್ಲ. ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಸೊಂಟದವರೆಗಿನ ನೀರಿಗೆ ಇಳಿಯುತ್ತಿದ್ದ ಹೆಂಗಸರು, ಅವರ ಪಕ್ಕ ತೇಲುವ ಪಾತ್ರೆಗಳು, ತದಡಿಯ ಕಡೆಯಿಂದ ಬರುವ ದೋಣಿಯ ಸದ್ದು, ಇಷ್ಟು ಮಾತ್ರ ಹಾಗೇ ಉಳಿದಿವೆ.

ನನಗೆ ಎರಡು ವರ್ಷವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಬತ್ತಿತು. ಕನ್ನಡ ಶಾಲೆಯಲ್ಲಿ ಏಳು ವರ್ಷ ಡ್ರಿಲ್ ಪಿರಿಯಡ್ಡಿನಲ್ಲಿ ನನ್ನ ಕೆಲಸ ಒಂದೇ: ಜಗಲಿಯಲ್ಲಿ ಕೂತು ಎಲ್ಲರ ಅಂಗಿ, ಚಪ್ಪಲಿ ಕಾಯುವುದು. ಯಾರೂ ಕೆಟ್ಟ ಮನಸ್ಸಿನಿಂದ ಕೂರಿಸಿದ್ದಲ್ಲ. ‘ಪಾಪ’ ಎಂಬ ಮಾತು ನನ್ನ ಹೆಸರಿನ ಹಿಂದೆಯೇ ಬರುತ್ತಿತ್ತು, ಅಷ್ಟೆ. ಹೈಸ್ಕೂಲಿಗೆ ಬಂದ ಮೊದಲ ವಾರ ಡ್ರಿಲ್ ಮಾಸ್ತರು ನನ್ನನ್ನು ಜಗಲಿಯಲ್ಲಿ ನೋಡಿ, “ಎಂತದಾ ತಮಾ, ನಿಂಗೆ ಇಲ್ಲಿ ಎಂತ ಕೆಲಸ?” ಎಂದರು. ಅಂಗಿ ಕಾಯುತ್ತೇನೆ ಎಂದೆ. “ಅಂಗಿ ಓಡಿಹೋಗ್ತದ್ಯಾ?” ಎಂದು ಕೇಳಿ ಉತ್ತರಕ್ಕೂ ಕಾಯದೆ ಹೋದರು. ಮರುದಿನ ಎರಡು ಹಳೆಯ ಡೆಸ್ಕುಗಳನ್ನು ಜೋಡಿಸಿ, ನಡುವೆ ಇಟ್ಟಿಗೆ ನಿಲ್ಲಿಸಿ, ಅದರ ಮೇಲೊಂದು ಬಿದಿರಿನ ಕೋಲು ಇಟ್ಟು ಟೇಬಲ್ ಟೆನಿಸ್ ಶುರುಮಾಡಿದರು. ಬ್ಯಾಟುಗಳನ್ನು ಪ್ಲೈವುಡ್ಡಿನಲ್ಲಿ ಅವರೇ ಕೊಯ್ದದ್ದು. ನಿಯಮ ಒಂದೇ ಇತ್ತು. ಆಡುವ ಇಬ್ಬರೂ ಸ್ಟೂಲಿನ ಮೇಲೆ ಕೂತೇ ಆಡಬೇಕು, ಎದ್ದರೆ ಪಾಯಿಂಟು ಹೋಯಿತು.

ಕೂತು ಆಡುವಾಗ ಎಲ್ಲ ಬೇರೆ. ಓಡುವ ಹುಡುಗರೆಲ್ಲ ಸ್ಟೂಲಿನ ಮೇಲೆ ಅಭ್ಯಾಸ ತಪ್ಪಿ ಒದ್ದಾಡುತ್ತಿದ್ದರು. ಊರುಗೋಲು ಹಿಡಿದು ಹಿಡಿದು ನನ್ನ ತೋಳು ಭುಜ ಆಗಲೇ ಗಟ್ಟಿಯಾಗಿದ್ದವು. ಒಂದು ತಿಂಗಳೊಳಗೆ ಶಾಲೆಯಲ್ಲಿ ನನ್ನನ್ನು ಸೋಲಿಸುವವರು ಇರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಸರ್ವಿಸ್ ಅಡ್ಡಬದಿಯಿಂದ ಹೊರಗೆ ಹೋದರೆ ಕೂತವನ ಕೈಗೆ ಹೇಗೆ ಎಟುಕಬೇಕು ಎಂದು ದಿನಾ ಜಗಳ. ಮಾಸ್ತರು ಅಂಥ ಸರ್ವಿಸ್ ಮತ್ತೆ ಮಾಡಿಸುತ್ತಿದ್ದರು. ಗಾಲಿಕುರ್ಚಿಯವರ ಟೇಬಲ್ ಟೆನಿಸ್‌ಗೆ ಅಂತರರಾಷ್ಟ್ರೀಯ ನಿಯಮವೂ ಅದೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಜಗಲಿಯಲ್ಲಿ ಅವರು ಅದನ್ನು ನ್ಯಾಯ ಎಲ್ಲಿದೆ ಎಂದು ನೋಡಿಯೇ ಕಂಡುಕೊಂಡಿದ್ದರು.

1984ರ ಆಗಸ್ಟ್. ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಕಂಚು ಕಳೆದುಕೊಂಡ ಸುದ್ದಿ ರೇಡಿಯೊದಲ್ಲಿ ಬಂತು. ಇಡೀ ಶಾಲೆಗೆ ಮನೆಯಲ್ಲಿ ಸಾವಾದಂತೆ. ಪ್ರಾರ್ಥನೆಯ ಹೊತ್ತಿಗೆ ಹೆಡ್ ಮಾಸ್ತರು, ರೋಮ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವ, ಈಗ ಉಷಾ ನಾಲ್ಕನೆಯವಳು, ಹಾಕಿ ಬಿಟ್ಟರೆ ನಮ್ಮವರು ಒಬ್ಬೊಬ್ಬರೇ ಆಡುವ ಆಟದಲ್ಲಿ ಚಿನ್ನ ತಂದದ್ದೇ ಇಲ್ಲ ಎಂದು ದುಃಖಪಟ್ಟರು. ಡ್ರಿಲ್ ಮಾಸ್ತರು ಸಾಲಿನ ಕೊನೆಯಲ್ಲಿ ನಿಂತವರು ಕೈ ಎತ್ತಿದರು, ವಿದ್ಯಾರ್ಥಿಯ ಹಾಗೆ. “ತಂದಿದ್ದಾನೆ ಸರ್. ನಮ್ಮ ಇ.ಎಂ.ಇ.ಯವ.”

ಮಾಸ್ತರು ಶಾಲೆಗೆ ಬರುವ ಮೊದಲು ಹದಿನೈದು ವರ್ಷ ಸೈನ್ಯದಲ್ಲಿದ್ದವರು, ಯಂತ್ರ ಮತ್ತು ವಾಹನ ರಿಪೇರಿಯ ಇ.ಎಂ.ಇ. ವಿಭಾಗದಲ್ಲಿ. ಆ ದಿನ ಮಳೆ ಸುರಿಯುತ್ತಿದ್ದುದರಿಂದ ಮೈದಾನದ ಪಿರಿಯಡ್ಡು ಒಳಗೇ ನಡೆಯಿತು. ಮುರಳೀಕಾಂತ್ ಪೇಟ್ಕರ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಹೆಂಚಿನ ಮೇಲಿನ ಮಳೆಯ ಸದ್ದಿಗಿಂತ ಎತ್ತರದ ಅವರ ಪರೇಡಿನ ದನಿಯಲ್ಲಿ.

ಸಾಂಗ್ಲಿ ಜಿಲ್ಲೆಯ ಪೇಟ್ ಇಸ್ಲಾಂಪುರದವ. ಸೈನ್ಯ ಸೇರಿ ಬಾಕ್ಸಿಂಗ್ ಕಲಿತ. 1965ರ ಯುದ್ಧದಲ್ಲಿ ಗುಂಡುಗಳು ಬಿದ್ದವು. ಒಂದು ಬೆನ್ನುಹುರಿಯ ಹತ್ತಿರ ಉಳಿದೇ ಹೋಯಿತು, ಸೊಂಟದ ಕೆಳಗೆ ಬಲ ಹೋಯಿತು. ಮುಂಬಯಿಯ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಭಾಗವಾಗಿ ನೀರಿಗಿಳಿದ. 1968ರಲ್ಲಿ ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಪ್ಯಾರಾಲಿಂಪಿಕ್ಸ್. ಭಾರತದವರು ಮೊದಲ ಸಲ ಹೋದದ್ದು ಆಗಲೇ. ಪೇಟ್ಕರ್ ಅಲ್ಲಿ ಆಡಿದ್ದು ಟೇಬಲ್ ಟೆನಿಸ್. ಮೊದಲ ಸುತ್ತು ಗೆದ್ದ, ಪದಕ ಬರಲಿಲ್ಲ. ನಾಲ್ಕು ವರ್ಷದ ನಂತರ ಜರ್ಮನಿಯ ಹೈಡೆಲ್‌ಬರ್ಗ್. ಒಲಿಂಪಿಕ್ಸ್ ಮ್ಯೂನಿಕ್‌ನಲ್ಲಿ, ಆದರೆ ಅಲ್ಲಿಯ ಕ್ರೀಡಾಗ್ರಾಮವನ್ನು ಮನೆಗಳಾಗಿ ಮಾಡಬೇಕಿತ್ತೆಂದು ಪ್ಯಾರಾಲಿಂಪಿಕ್ಸನ್ನು ಹೈಡೆಲ್‌ಬರ್ಗ್‌ಗೆ ಕಳಿಸಿದ್ದರು, ಮ್ಯೂನಿಕ್ ಶುರುವಾಗುವ ಮೊದಲೇ ಅದು ಮುಗಿದೂ ಹೋಯಿತು. 50 ಮೀಟರ್ ಫ್ರೀಸ್ಟೈಲ್ ಈಜು. ಮಾಸ್ತರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು: 37.33. ಚಿನ್ನ, ಮೇಲೆ ವಿಶ್ವದಾಖಲೆ. ಅದೇ ಕೂಟದಲ್ಲಿ ಜಾವೆಲಿನ್ ಎಸೆತಕ್ಕೂ, ಗಾಲಿಕುರ್ಚಿಯಲ್ಲಿ ಅಡೆತಡೆ ಸುತ್ತಿ ಸಾಗುವ ಸ್ಲಾಲಂಗೂ ಇಳಿದಿದ್ದ.

“ಒಂದು ಆಟದಲ್ಲಿ ಮೊದಲ ಸುತ್ತು, ಇನ್ನೊಂದರಲ್ಲಿ ಚಿನ್ನ. ಟೇಬಲ್ ಟೆನಿಸ್ಸೇ ಸಾಕು ಅಂತ ಕೂತಿದ್ರೆ?” ಎಂದು ಕೇಳುತ್ತ ನನ್ನ ಕಡೆಯೇ ನೋಡಿದರು. ಆಗ ನನಗೆ ಎದೆ ಹೊಡೆದುಕೊಂಡಿತು. ಡೆಸ್ಕಿನ ಆಟದಲ್ಲಿ ನಾನೇ ರಾಜ ಎಂದುಕೊಂಡಿದ್ದವನಿಗೆ ಇವರು ಮುಂದೆ ಎಂತ ಮಾಡಿಸಲಿದ್ದಾರೆ ಎಂದು ತಿಳಿದುಹೋಗಿತ್ತು.

ಮಳೆಗಾಲ ಕಳೆದ ಮೇಲೆ ನನ್ನನ್ನು ನೀರಿಗೆ ಇಳಿಸಿದರು. ಅವರ ಹತ್ತಿರ ಒಂದು ನೋಟುಪುಸ್ತಕ ಇತ್ತು, ಅದರಲ್ಲಿ ದಿನಾ ಭರತದ, ಅಂದರೆ ಸಮುದ್ರದ ನೀರು ಏರುವ, ಹೊತ್ತು. ದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುತ್ತ ಹೋಗುವ ನೀರು ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಸಿಗುವ ನಾಲ್ಕೈದು ದಿನ ಮಾತ್ರ ಪಾಠ. ಏರಿದ ನೀರು ತಿರುಗುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದಲ್ಲ, ಅಷ್ಟೇ ನನ್ನ ಈಜುಕೊಳ. “ತಲೆ ಎತ್ತಬೇಡ, ತಲೆ ಎತ್ತಿದರೆ ಕಾಲು ಮುಳುಗ್ತದೆ” ಎಂಬುದು ಅವರ ಮೊದಲ ಪಾಠ. ಹೌದು, ಉಸಿರಿಗೆಂದು ತಲೆ ಎತ್ತಿದ ಕ್ಷಣ ಸೊಂಟ ಕೆಳಗಿಳಿದು ಸತ್ತ ಕಾಲು ಲಂಗರಿನಂತೆ ಎಳೆಯುತ್ತಿತ್ತು. ಮುಖ ನೀರಿನಲ್ಲೇ ಇಟ್ಟು ಬರೀ ಬದಿಗೆ ತಿರುಗಿಸಿ ಉಸಿರೆಳೆದರೆ ಇಡೀ ಮೈ ಹಲಗೆಯಂತೆ ತೇಲುತ್ತಿತ್ತು. ಉಪ್ಪುನೀರು ಅರ್ಧ ಭಾರ ತಾನೇ ಹೊರುತ್ತಿತ್ತು. ಮೊದಲ ಸಲ ಹಾಗೆ ತೇಲಿದ ದಿನ, ಹುಟ್ಟಿದ ಮೇಲೆ ಮೊದಲ ಬಾರಿಗೆ, ನನ್ನ ಎರಡೂ ಕಾಲು ಒಂದೇ ತೂಕದವಾಗಿದ್ದವು.

ಕನ್ನಡದ ಅಕ್ಕೋರನ್ನೂ ಇಲ್ಲಿ ನೆನೆಯಬೇಕು. ಒಂಬತ್ತನೆಯ ಇಯತ್ತೆಯಲ್ಲಿ ಹೊರಗಿನ ಪ್ರಬಂಧ ಸ್ಪರ್ಧೆಯೊಂದಕ್ಕೆ ‘ನನ್ನ ಮೆಚ್ಚಿನ ಕ್ರೀಡಾಪಟು’ ಎಂದು ಬರೆಯಬೇಕಿತ್ತು. ಉಳಿದವರು ಗಾವಸ್ಕರ್, ಕಪಿಲ್ ದೇವ್, ಉಷಾ. ನಾನು ಪೇಟ್ಕರ್. ಹಾಳೆ ವಾಪಸು ಬಂದಾಗ ಕೆಂಪು ಶಾಯಿಯಲ್ಲಿ ‘ಕಾಲ್ಪನಿಕ ವ್ಯಕ್ತಿ’ ಎಂದು ಬರೆದು ಸೊನ್ನೆ ಹಾಕಿದ್ದರು. ಆ ಕೆಂಪು ಅಕ್ಷರ ನನಗೆ ಇವತ್ತಿಗೂ ಉರಿಯುತ್ತದೆ. ಅಕ್ಕೋರು ಏನೂ ಹೇಳದೆ ನನ್ನನ್ನು ತರಗತಿಯ ಮುಂದೆ ನಿಲ್ಲಿಸಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿಸಿದರು. ಆಮೇಲೆ ಸೊನ್ನೆಯ ಪಕ್ಕದಲ್ಲಿ ತಮ್ಮ ನೀಲಿ ಪೆನ್ನಿನಿಂದ ‘ಇದ್ದಾರೆ’ ಎಂದು ಬರೆದು ಸಹಿ ಹಾಕಿದರು.

ಇನ್ನು ತುಂಟತನ. ಎಸ್.ಎಸ್.ಎಲ್.ಸಿ. ವರ್ಷದ ಚಳಿಗಾಲ. ನಾವು ಐದು ಜನ ಬಯಲಾಟಕ್ಕೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ, ಯಾರದೋ ಪಾತಿದೋಣಿ ಬಿಚ್ಚಿಕೊಂಡು ಬೆಳದಿಂಗಳಲ್ಲಿ ಉಪ್ಪುನೀರಿನ ಕಾಂಡ್ಲಾ ಗಿಡಗಳ ಆಚೆ ಹೋದೆವು. ನಿಂತ ನೀರಿನಲ್ಲಿ ನಾನು ಈಚೆ ದಡಕ್ಕೆ ಈಜುತ್ತೇನೆಂದು ಪಂಥ ಕಟ್ಟಿದ್ದೆ. ಭರತದ ಹೊತ್ತನ್ನು ನಾನೇ ಲೆಕ್ಕ ಹಾಕಿದ್ದೆ, ಅರ್ಧ ತಾಸು ತಪ್ಪಿತ್ತು. ನಡುವೆ ತಲುಪುವಾಗ ನೀರು ತಿರುಗಿತು. ತಣ್ಣಗೆ, ಸದ್ದಿಲ್ಲದೆ, ಇಡೀ ನದಿ ಅಳಿವೆಯ ಕಡೆ ಜಾರತೊಡಗಿತು. ಹುಡುಗರು ಕೂಗುತ್ತಿದ್ದಾರೆ, ದೂರದಲ್ಲಿ ಚೆಂಡೆ ಕೇಳುತ್ತಿದೆ, ದಡದ ದೀಪ ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತಿದೆ. ಬಲೆ ಕಟ್ಟುವ ಒಂದು ಗೂಟ ಎದೆಗೆ ಬಡಿಯಿತು, ಅದನ್ನೇ ತಬ್ಬಿ ಹಿಡಿದೆ. ಚಿಪ್ಪುಗಳು ಚರ್ಮ ಕೊಯ್ದದ್ದು ಆಗ ಗೊತ್ತಾಗಲೂ ಇಲ್ಲ. ಬಯಲಾಟ ನೋಡುತ್ತಿದ್ದ ಮಾಸ್ತರಿಗೆ ಕೂಗು ಕೇಳಿತ್ತು. ಇನ್ನೊಂದು ದೋಣಿಯಲ್ಲಿ ಬಂದು ನನ್ನನ್ನು ಗೂಟದಿಂದ ಬಿಡಿಸಿ, ತಮ್ಮ ಶಾಲು ಹೊದಿಸಿ, ಒಂದು ಮಾತೂ ಆಡದೆ ಮನೆಗೆ ಬಿಟ್ಟರು.

ಗಾಯ ಮಾಯುವವರೆಗೆ ಕಾದು, ಮುಂದಿನ ವಾರ ಶಿಕ್ಷೆ ಹೇಳಿದರು. ಶಾಲೆಯ ತೆಂಗಿನ ಸಸಿಗಳಿಗೆ ಬಾವಿಯಿಂದ ನೀರು. ನಾಲ್ವರಿಗೆ ತಲಾ ಐದು ಕೊಡಪಾನ, ನನಗೆ ಇಪ್ಪತ್ತು, ನಾನು ಸೇದುವುದು, ಅವರು ಹೊರುವುದು. ಹೆಡ್ ಮಾಸ್ತರು “ಪಾಪ, ಅವನಿಗೆ...” ಎಂದು ಶುರುಮಾಡಿದರು. “ಅವ ಈಜಿದ್ದು ಕೈಯಲ್ಲಿ ಸರ್. ಶಿಕ್ಷೆ ಕೈಗೇ” ಎಂದರು ಇವರು. ಬಾವಿಕಟ್ಟೆಗೆ ಸೊಂಟ ಆನಿಸಿ ನಿಂತು, ರಾಟೆಯ ಕಿರುಗುಟ್ಟುವ ಸದ್ದಿನಲ್ಲಿ ಕತ್ತದ ಹಗ್ಗ ಎಳೆಯುತ್ತಿದ್ದೆ. ಹನ್ನೆರಡನೆಯ ಕೊಡಪಾನಕ್ಕೆ ಅಂಗೈ ಕೆಂಪಾಯಿತು, ಹದಿನೈದಕ್ಕೆ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಎಲ್ಲರಿಗಿಂತ ದೊಡ್ಡ ಶಿಕ್ಷೆಗೆ ನಾನು ಅರ್ಹ ಎಂದು ಒಬ್ಬರು ತಿಳಿದಿದ್ದರಲ್ಲ, ಅದಕ್ಕೆ. ಆ ತೆಂಗಿನಮರಗಳಲ್ಲಿ ಮೂರು ಇನ್ನೂ ಇವೆ.

ಮುಂದೆ ಬ್ಯಾಂಕಿನ ಕೆಲಸ ಸಿಕ್ಕಿತು. ಅಂಗವಿಕಲರ ರಾಜ್ಯಮಟ್ಟದ ಕೂಟವೊಂದರಲ್ಲಿ 50 ಮೀಟರ್ ಈಜಿನಲ್ಲಿ ಮೊದಲಿಗನಾದೆ, ಗುಂಡು ಎಸೆತದಲ್ಲಿ ಎರಡನೆಯವನಾದೆ. ಈಜಿಗೆ ಹಿಡಿದ ಹೊತ್ತು 46 ಸೆಕೆಂಡ್. ಊರಿಗೆ ಬಂದು ಪದಕ ತೋರಿಸಿದಾಗ ಮಾಸ್ತರು ಅದನ್ನು ತಿರುಗಿಸಿ ನೋಡಿ, “ಇನ್ನೂ ಒಂಬತ್ತು ಸೆಕೆಂಡ್ ಇದೆ” ಎಂದರು. ಪೇಟ್ಕರ್ ಆ 37.33 ಈಜಿದ್ದು ಎರಡೂ ಕಾಲಿನ ಬಲವಿಲ್ಲದೆ. ನನಗೆ ಒಂದು ಕಾಲು ಗಟ್ಟಿಯಿತ್ತು. ಆ ಒಂಬತ್ತು ಸೆಕೆಂಡಿನ ಭಾರ ಏನೆಂದು ನೀರಿನಲ್ಲಿ ಕೈ ಸೋತವನಿಗೇ ಗೊತ್ತು.

2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ದಿನ ಟೀವಿಗಳೆಲ್ಲ ದೇಶದ ಮೊದಲ ವೈಯಕ್ತಿಕ ಚಿನ್ನ ಎಂದು ಕೂಗುತ್ತಿದ್ದವು. ರಾತ್ರಿ ಮಾಸ್ತರ ಫೋನು. “ಹುಡುಗ ಚಲೋ ಹೊಡೆದ, ಖುಷಿಯಾಯ್ತು. ಆದರೆ ಮೊದಲನೆಯದಾ ತಮಾ?” ಒಲಿಂಪಿಕ್ಸ್‌ಗೆ ಮೊದಲನೆಯದು ಸರ್, ಎಂದೆ. ಅವರು ಸುಮ್ಮನಾದರು. ಹೈಡೆಲ್‌ಬರ್ಗ್ ಆಗಿ ಆಗಲೇ 36 ವರ್ಷ ಕಳೆದಿತ್ತು. ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡನೆಯ ಚಿನ್ನವನ್ನು 2004ರಲ್ಲಿ ಅಥೆನ್ಸ್‌ನಲ್ಲಿ ದೇವೇಂದ್ರ ಝಾಝಡಿಯಾ ಜಾವೆಲಿನ್ ಎಸೆದು ತಂದಾಗಲೂ ನಮ್ಮೂರಿನಲ್ಲಿ ಪಟಾಕಿ ಹೊಡೆದವರು ಯಾರೂ ಇರಲಿಲ್ಲ. ಪೇಟ್ಕರ್ ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಜೀವಮಾನದ ಸಾಧನೆಗೆ ಅರ್ಜುನ ಪ್ರಶಸ್ತಿ 2025ರ ಜನವರಿಯಲ್ಲಿ, ಎಂಬತ್ತು ದಾಟಿದ ಮೇಲೆ.

ಒಂದು ಆಟದಿಂದ ಇನ್ನೊಂದಕ್ಕೆ ಹೋಗಿ ಗೆದ್ದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮಾಸ್ತರಿಗೆ ಹೇಳುವುದು ನನ್ನ ರೂಢಿಯಾಗಿತ್ತು. ಇಂಗ್ಲೆಂಡಿನ ಸಾರಾ ಸ್ಟೋರಿಯ ಕಥೆ ಅವರಿಗೆ ತುಂಬ ಹಿಡಿಸಿತ್ತು. ಎಡಗೈ ಬೆಳೆಯದೆ ಹುಟ್ಟಿದ ಹುಡುಗಿ, 1992ರ ಬಾರ್ಸಿಲೋನಾದಲ್ಲಿ 14ನೇ ವಯಸ್ಸಿಗೆ ಈಜಿನಲ್ಲಿ ಚಿನ್ನ ಗೆದ್ದು, 2005ರಲ್ಲಿ ಕಿವಿಯ ಸೋಂಕಿನಿಂದ ನೀರು ಬಿಡಬೇಕಾಗಿ ಬಂದಾಗ ಸೈಕಲ್ ಹತ್ತಿದಳು. 2024ರ ಪ್ಯಾರಿಸ್ ಮುಗಿಯುವಾಗ ಎರಡೂ ಆಟ ಸೇರಿ 19 ಚಿನ್ನ. “ಸೈಕಲ್ ಎಂತಕ್ಕೆ ನಾವು ಯೋಚನೆ ಮಾಡ್ಲಿಲ್ಲ?” ಎಂದು ಎಂಬತ್ಮೂರರ ಮಾಸ್ತರು ನಿಜವಾಗಿ ಬೇಸರಪಟ್ಟರು, ಇನ್ನೂ ಹೊತ್ತಿದೆ ಎನ್ನುವಂತೆ.

ಈಗ ಶಾಲೆಗಳಲ್ಲಿ ಇಲ್ಲದ್ದೇನು? ಬಣ್ಣದ ಟ್ರ್ಯಾಕ್‌ಸೂಟು ಇದೆ, ಬೇಸಿಗೆ ಶಿಬಿರ ಇದೆ. ಆದರೆ ಪಿ.ಟಿ. ಪಿರಿಯಡ್ಡನ್ನು ಗಣಿತದವರು ಕೇಳಿ ಪಡೆಯುತ್ತಾರೆ, ಹೊಳೆಯ ದಡದಲ್ಲೇ ಬೆಳೆದ ಮಕ್ಕಳಿಗೆ ಈಜು ಬರುವುದಿಲ್ಲ. ಅಂಗವಿಕಲ ಎನ್ನಬಾರದು, ವಿಶೇಷಚೇತನ ಎನ್ನಬೇಕು ಎಂದು ಮಾತು ಬದಲಾಯಿತು, ಒಳ್ಳೆಯದೇ. ಕೂರಿಸುವ ಜಗಲಿ ಬದಲಾಗಲಿಲ್ಲ. ಡಿಸೆಂಬರಿನಲ್ಲಿ ನಮ್ಮ ಬ್ಯಾಚಿನವರು ಸೇರಿ ಮಾಸ್ತರ ನೆನಪಿಗೆ ಸಭೆ ಮಾಡಿದ ದಿನವೂ ಕಂಡೆ. ಎಂಟನೆಯ ಇಯತ್ತೆಯ ಒಬ್ಬಳು ಹುಡುಗಿ, ಕಾಲಿಗೆ ಕ್ಯಾಲಿಪರ್ ಹಾಕಿದವಳು, ಕಬಡ್ಡಿ ಆಡುವವರ ನೀರಿನ ಬಾಟಲಿ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ನಾನು ಕೂರುತ್ತಿದ್ದ ಕಂಬದ ಹತ್ತಿರವೇ.

ಅರ್ಜುನ ಪ್ರಶಸ್ತಿಯ ಸುದ್ದಿಯನ್ನು ಫೋನಿನಲ್ಲಿ ಓದಿ ಹೇಳಿದಾಗ ಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: “37.33 ಹಾಕಿದ್ದಾರಾ ಪೇಪರಿನಲ್ಲಿ?” ನನ್ನ ಕೈಯಲ್ಲಿದ್ದ ಪೇಪರಿನಲ್ಲಿ ಇರಲಿಲ್ಲ. “ಹಾಗಾದ್ರೆ ನೀನು ಬರಿ.” ಬರೆದಿದ್ದೇನೆ ಸರ್.

ಆ ಹುಡುಗಿಯ ಹತ್ತಿರ ಮಾತಾಡಿದೆ. ಈಗಿನ ಪಿ.ಟಿ. ಟೀಚರು ಒಪ್ಪಿದ್ದಾರೆ, ಲೈಫ್ ಜಾಕೆಟ್ ನಾನು ತಂದಿದ್ದೇನೆ. ಮಾಸ್ತರ ನೋಟುಪುಸ್ತಕವನ್ನು ಅವರ ಮನೆಯ ಅಮ್ಮ ನನಗೆ ಕೊಟ್ಟಿದ್ದಾರೆ, ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆ. ಬರುವ ಶನಿವಾರ ನೀರು ನಿಲ್ಲುವುದು ಮೂರೂವರೆಗೆ. ಅವಳ ಅಪ್ಪ ದೋಣಿ ತರುತ್ತೇನೆ ಎಂದಿದ್ದಾನೆ.